ಎಕ್ಸೆಲ್ ಹಾಳೆಯಲ್ಲಿ ತಿರುಗುವ ಕಾಲು

ಕೃತಕ ಕಾಲು ಮಾಡುವ ಆ ವರ್ಕ್‌ಶಾಪಿನಲ್ಲಿ ಅಳತೆಯ ಕೆಲಸ ಅಕ್ಕನದು. ಈ ಸಲದ ಅಳತೆ ಅವಳ ಸ್ವಂತ ತಂಗಿಯದು. ಸ್ಕ್ಯಾನರ್ ಕೊಟ್ಟದ್ದು ಬರೀ ಅಂಕಿಗಳು. ಅವನ್ನು ಆಕಾರವಾಗಿ ತೋರಿಸುವ ಸಾಫ್ಟ್‌ವೇರಿನ ಅವಧಿ ಮುಗಿದಿತ್ತು. ಅಕ್ಕ ಕೈಕಟ್ಟಿ ಕೂರುವ ಪೈಕಿಯೇ? ಎಕ್ಸೆಲ್ ಹಾಳೆಯಲ್ಲೇ ಸೂತ್ರ ಬರೆದು, ಅಂಕಿಗಳನ್ನು ಚುಕ್ಕಿಗಳಾಗಿಸಿ, ಮೌಸಿನಿಂದ ಎಳೆದರೆ ಮೋಟುಗಾಲು ಗಿರ್ರನೆ ತಿರುಗುವ ಹಾಗೆ ಮಾಡಿದಳು. ಮೊದಲ ಸಲ ತಿರುಗಿಸಿದಾಗ ಎಡಗಾಲಿನ ಬದಲು ಬಲಗಾಲು ಕಂಡಿತು. ಸ್ಕ್ಯಾನರಿಗೆ ಬೈದು, ಅಂಕಿಗಳ ಒಂದು ಕಾಲಮ್ಮಿಗೆ ಮೈನಸ್ ಹಾಕಿ 'ಸರಿ' ಮಾಡಿದಳು. ತನ್ನ ಸೂತ್ರವೇ ತಪ್ಪಿರಬಹುದೆಂಬ ಯೋಚನೆ ಹತ್ತಿರವೂ ಸುಳಿಯಲಿಲ್ಲ.

ಈಗ ಯಂತ್ರ ಆ ತಿದ್ದಿದ ಅಂಕಿಗಳಂತೆಯೇ ಫೋಮಿನ ದಿಮ್ಮಿಯಲ್ಲಿ ಕಾಲಿನ ಅಚ್ಚು ಕೊರೆಯುತ್ತಿತ್ತು. ಉಳಿದಿದ್ದದ್ದು ಅದೊಂದೇ ದಿಮ್ಮಿ. ಈ ತಿಂಗಳೊಳಗೆ ತಂಗಿ ಎದ್ದು ನಿಲ್ಲದಿದ್ದರೆ ಅವಳ ಬಸ್ ಕಂಡಕ್ಟರ್ ಕೆಲಸ ಬೇರೆಯವರ ಪಾಲು.

ಗಾಜಿನಾಚೆ ನೋಡುತ್ತಿದ್ದ ತಂಗಿ, "ಅಕ್ಕಾ, ನನ್ನ ಮೂಳೆಗಂಟು ಇರೋದು ಹೊರಗಡೆ. ಅಲ್ಲಿ ಒಳಗಡೆ ಬರ್ತಿದೆ," ಎಂದಳು.

"ಪರದೆ ನೋಡೇ. ಹೊರಗಡೇನೇ ಇದೆ."

"ನಿಲ್ಲಿಸ್ಲಾ?" ಯಂತ್ರ ನಡೆಸುತ್ತಿದ್ದವನು ಕೂಗಿದ. ಎಲ್ಲರೂ ಅವನನ್ನು ಗರಗಸಣ್ಣ ಅನ್ನುತ್ತಿದ್ದರು. "ಒರಟು ಕೊರೆತ ಮುಗೀತು. ನಯದ ಬ್ಲೇಡ್ ಇಳಿದ್ರೆ ಆಮೇಲೆ ತಿದ್ದೋಕಾಗಲ್ಲ."

"ನನ್ನ ಲೆಕ್ಕ ತಪ್ಪಲ್ಲ, ಸುಮ್ನಿರಣ್ಣ." ಅಕ್ಕ ಪರದೆಯಿಂದ ಕಣ್ಣು ತೆಗೆಯದೆ ಜೋರಾಗಿ ಹೇಳಿದಳು. ಬ್ಲೇಡು ಇಳಿಯತೊಡಗಿತು.

ತಂಗಿ ಕುರ್ಚಿಯಲ್ಲಿ ಕೂತು ಸರಸರನೆ ಪಟ್ಟಿ ಬಿಚ್ಚಿದಳು. ಅಪಘಾತವಾದ ಮೇಲೆ ಮನೆಯವರ ಎದುರು ಅವಳು ಆ ಕಾಲನ್ನು ತೆರೆದೇ ಇರಲಿಲ್ಲ. ಅಕ್ಕನಿಗೂ ನೋಡಲು ಭಯ. ಸ್ಕ್ಯಾನಿನ ದಿನ ಬೇರೆಯವರನ್ನು ನಿಲ್ಲಿಸಿ ತಾನು ಹೊರಗೆ ಹೋಗಿದ್ದಳು. ತಂಗಿ ಮೋಟುಗಾಲನ್ನು ಕೀಬೋರ್ಡಿನ ಪಕ್ಕಕ್ಕೇ ಎತ್ತಿಟ್ಟಳು.

"ಅಂಗೈ ಹುಣ್ಣಿಗೆ ಕನ್ನಡಿ ಯಾಕೆ? ಇದನ್ನ ನೋಡು, ಆಮೇಲೆ ಅದನ್ನ ನೋಡು."

ಅಕ್ಕ ಕಾಲು ನೋಡಿದಳು, ದಿಮ್ಮಿ ನೋಡಿದಳು.

"ನಿಲ್ಸಣ್ಣಾ!"

ಗರಗಸಣ್ಣ ಗುಂಡಿ ಒತ್ತಿದ. ಸ್ಕ್ಯಾನರಿನ ಅಂಕಿಗಳು ಸರಿಯಾಗಿಯೇ ಇದ್ದವು, ಅವಳ ಸೂತ್ರವೇ ಎಡವನ್ನು ಬಲ ಮಾಡಿ ತೋರಿಸುತ್ತಿತ್ತು. ಕನ್ನಡಿ ಡೊಂಕಾಗಿದ್ದರೆ ಈ ಮಹಾತಾಯಿ ಮುಖವನ್ನೇ ತಿದ್ದಿದ್ದಳು.

ಗರಗಸಣ್ಣ ದಿಮ್ಮಿಯನ್ನು ಅಳೆದ. "ಹೊರಗಡೆ ಇನ್ನೂ ಒಂದು ಬೆರಳು ದಪ್ಪ ಫೋಮು ಉಳಿದಿದೆ. ಗಂಟಿಗೆ ಎಷ್ಟು ಬೇಕು?"

ಉತ್ತರ ಹಾಳೆಯಲ್ಲಿತ್ತು. ಆದರೆ ಅಕ್ಕನಿಗೆ ಆ ಹಾಳೆಯ ಮೇಲೆ ನಂಬಿಕೆಯೇ ಹೋಗಿತ್ತು. "ಮುಟ್ಲಾ?" ಎಂದು ತಂಗಿಯನ್ನು ಕೇಳಿದಳು.

"ಮುಟ್ಟು. ನೋಯಲ್ಲ."

ಅಕ್ಕ ಗಂಟಿಗೆ ತನ್ನ ಬೆರಳನ್ನು ಅಡ್ಡ ಹಿಡಿದಳು. ಗಂಟಿನ ಉಬ್ಬು ಬೆರಳಿನ ದಪ್ಪಕ್ಕಿಂತ ಕಡಿಮೆಯಿತ್ತು.

"ಸಾಕಾಗುತ್ತೆ ಅಣ್ಣ," ಎಂದಳು ಅಳುತ್ತಾ. ಬೆರಳನ್ನು ಮಾತ್ರ ಅಲ್ಲಿಂದ ತೆಗೆಯಲಿಲ್ಲ.