ಒಂದು ಮಗು, ಎರಡು ಶಿಶುವಿಹಾರ

"ಈ ಮಗು ಆಗ್ಲೇ ಸೇರಿದೆಯಲ್ಲಮ್ಮ" ಎಂದರು ದಾಖಲಾತಿ ಕಚೇರಿಯ ಮೇಡಂ, ಕಂಪ್ಯೂಟರಿನಿಂದ ಕಣ್ಣೆತ್ತದೆ.

ಲಾಂಡ್ರಿ ಅಕ್ಕನಿಗೆ ಮೊದಲು ಅದು ಒಳ್ಳೆಯ ಸುದ್ದಿಯಂತೆಯೇ ಕೇಳಿಸಿತು. ದೊಡ್ಡಾಸ್ಪತ್ರೆಯಲ್ಲಿ ಹಾಸಿಗೆ ಬಟ್ಟೆ ಒಗೆಯುವ ವಿಭಾಗದಲ್ಲಿ ಅವಳ ಕೆಲಸ. ಓಣಿಯವರೆಲ್ಲ ಕರೆಯುವುದೇ ಹಾಗೆ. ಆಸ್ಪತ್ರೆಯ ಹಿಂದಿನ ರಸ್ತೆಯಲ್ಲಿ ಸರ್ಕಾರಿ ಶಿಶುವಿಹಾರವಿದೆ. ಅಲ್ಲಿ ಕಾಸು ಕೊಡಬೇಕಾಗಿಲ್ಲ, ಟೀಚರು ಒಳ್ಳೆಯವರು. ಅಲ್ಲೊಂದು ಜಾಗಕ್ಕಾಗಿ ಅವಳು ತಿಂಗಳುಗಟ್ಟಲೆ ಕಾದಿದ್ದಳು, ಈಗ ಸರದಿ ಬಂದಿತ್ತು. ಸೇರಿಸಲು ಇವತ್ತೇ ಕೊನೆಯ ದಿನ.

"ಆಸ್ಪತ್ರೆ ಹಿಂದಿನದಕ್ಕೆ ತಾನೆ ಮೇಡಂ?"

"ಅಲ್ಲ, ಕಾಲುವೆ ಪಕ್ಕದ್ದಕ್ಕೆ. ತಂದೆ ಬಂದು ಸೇರಿಸಿ ಹೋಗಿದಾರೆ."

ಪಕ್ಕದಲ್ಲಿ ಮಗಳು ಕೌಂಟರಿನ ಅಂಚಿಗೆ ಗಲ್ಲ ಊರಿ, ಮೇಡಂ ಅವರ ಸೀಲನ್ನೇ ನೋಡುತ್ತಿದ್ದಳು. ನಾಲ್ಕು ವರ್ಷದ ಪಿಳ್ಳೆ, ಬಾಯಿ ಮಾತ್ರ ಖಾರ. ಅದಕ್ಕೇ ಅವಳಿಗೆ ಮೆಣಸು ಎಂದು ಅಡ್ಡಹೆಸರು.

"ಒಂದು ಮಗುಗೆ ಒಂದೇ ಜಾಗ. ಅದನ್ನ ರದ್ದು ಮಾಡಬೇಕಂದ್ರೆ ಅವರೇ ಬಂದು ಸಹಿ ಹಾಕಬೇಕು. ಒಂದು ಗಂಟೆಗೆ ಬಾಗಿಲು ಹಾಕ್ತೀವಿ. ಆಮೇಲೆ ನಿಮ್ಮ ಜಾಗ ಹಿಂದೆ ಕಾಯ್ತಿರೋರಿಗೆ ಹೋಗುತ್ತೆ." ಮೇಡಂ ಈಗ ಅವಳ ಮುಖ ನೋಡಿದರು. "ಗಂಡ ಹೆಂಡ್ತಿ ಜಗಳದಲ್ಲಿ..." ಎಂದು ಶುರು ಮಾಡಿದವರು ಮಗುವನ್ನು ಕಂಡು ಗಾದೆಯನ್ನು ಅರ್ಧಕ್ಕೇ ನುಂಗಿಕೊಂಡರು. "ಫೋನ್ ಮಾಡಮ್ಮ."

ಫೋನ್ ಮಾಡು ಅನ್ನುವುದು ಹೇಳುವವರಿಗೆ ಸುಲಭ. ಕಳೆದ ಬೇಸಿಗೆಯಿಂದ ಅವಳು ಗಂಡನ ನಂಬರಿಗೆ ಫೋನ್ ಮಾಡಿರಲಿಲ್ಲ. ಆಗ ಇಬ್ಬರೂ ಬೇರೆಯಾಗಿ ಸ್ವಲ್ಪ ದಿನವಾಗಿತ್ತು. ಚಪ್ಪಲಿ ಕೊಡಿಸುತ್ತೇನೆಂದು ಸಂಜೆ ಮಗಳನ್ನು ಕರೆದುಕೊಂಡು ಹೋದವನು ಸೀದಾ ಬಸ್ಸು ಹತ್ತಿ ತನ್ನ ಅಕ್ಕನ ಊರಿಗೆ ಹೋಗಿದ್ದ. ಫೋನು ಸ್ವಿಚ್ ಆಫ್. ಎರಡು ರಾತ್ರಿ ಅವಳು ನೀರೂ ಕುಡಿಯದೆ ಬಾಗಿಲಲ್ಲೇ ಕೂತಿದ್ದಳು. ಮೂರನೆಯ ದಿನ ಅವನು ಮಗಳನ್ನು ತಂದು ಬಿಟ್ಟ, ಕಾಲಿಗೆ ಹೊಸ ಚಪ್ಪಲಿಯೂ ಇತ್ತು. ಅಂದಿನಿಂದ ಮಗಳನ್ನು ನೋಡುವುದಾದರೆ ಅವಳ ಕಣ್ಣೆದುರೇ, ಓಣಿಯ ತುದಿಯಲ್ಲಿ ಮಾತ್ರ.

ಎರಡೇ ರಿಂಗಿಗೆ ಅವನು ಎತ್ತಿದ. ಅವಳು ಹೇಳಬೇಕಾದಷ್ಟು ಹೇಳಿ ಇಟ್ಟುಬಿಟ್ಟಳು.

ಅವಳ ಗಂಡ, ಓಣಿಯವರ ಬಾಯಲ್ಲಿ ಬೇಕರಿಯವನು, ಬಂದಾಗ ಕಚೇರಿಯ ಗಡಿಯಾರದಲ್ಲಿ ಹನ್ನೆರಡು ದಾಟಿತ್ತು. ನಸುಕಿಗೂ ಮೊದಲೇ ಒಲೆ ಹೊತ್ತಿಸುವ ಕೆಲಸ ಅವನದು, ಹನ್ನೊಂದಕ್ಕೆ ಬಿಡುವು. ಮೊಣಕೈವರೆಗೆ ಹಿಟ್ಟು ಹಾಗೇ ಇತ್ತು. ಮೆಣಸು ಓಡಿಹೋಗಿ ಅವನ ಅಂಗಿಗೆ ಮೂಗು ಒತ್ತಿದಳು. "ಅಪ್ಪ ಬನ್ನಿನ ವಾಸನೆ" ಎಂದು ಸಾಲಿನಲ್ಲಿ ನಿಂತವರಿಗೆಲ್ಲ ಸಾರಿದಳು. ಯಾರೋ ನಕ್ಕರು. ಲಾಂಡ್ರಿ ಅಕ್ಕ ನಗಲಿಲ್ಲ.

ಮಗಳನ್ನು ಬೆಂಚಿನ ಮೇಲೆ ಕೂರಿಸಿ ಇಬ್ಬರೂ ಮೊಗಸಾಲೆಯ ಮೂಲೆಗೆ ಹೋದರು.

"ಏನ್ರೀ ಇದು?" ಎಷ್ಟು ಕೋಪವಿದ್ದರೂ ಹಳೆಯ ರೂಢಿಗೆ ಬಾಯಲ್ಲಿ 'ರೀ' ಬಂದೇಬಿಟ್ಟಿತು. "ಮತ್ತೆ ಕದ್ದು ಮುಚ್ಚಿ ಶುರು ಮಾಡಿದ್ರಾ?"

"ಕದ್ದು ಮಾಡ್ಲಿಲ್ಲ. ನೀನು ಮಾತಾಡಿದ್ರೆ ತಾನೆ ಹೇಳೋದು? ಎಲ್ಲಾ ಕಡೆ ಜಾಗ ತುಂಬ್ತಾ ಇದೆ ಅಂದ್ರು. ಸಿಗದೇ ಹೋದ್ರೆ ಅಂತ ಬರೆಸಿದೆ."

"ಕಾಲುವೆ ಹತ್ರ ಬೆಳಿಗ್ಗೆ ಯಾರು ಬಿಡ್ತಾರೆ? ನೀವು ಒಲೆ ಮುಂದೆ ಇರ್ತೀರ. ನಮ್ಮನೆಯಿಂದ ಎರಡು ಬಸ್ಸು."

"ಅಕ್ಕ ಬಂದು ಅಲ್ಲೇ ಪಕ್ಕ ನನ್ನ ರೂಮಲ್ಲಿ ಇರ್ತೀನಿ ಅಂದಿದಾಳೆ. ಅವಳು ಬಿಡ್ತಾಳೆ."

ಅಕ್ಕ ಎಂಬ ಮಾತು ಕಿವಿಗೆ ಬಿದ್ದದ್ದೇ ಅವಳ ಮುಖ ಕಲ್ಲಾಯಿತು. "ಅಂದ್ರೆ ಮಗು ರಾತ್ರಿನೂ ಅಲ್ಲೇ" ಎಂದಳು. ಅಲ್ಲಿಯವರೆಗೆ ಅವನು ಅಷ್ಟು ದೂರ ಯೋಚಿಸಿರಲಿಲ್ಲವೋ, ಯೋಚಿಸಿಯೇ ಮಾಡಿದ್ದನೋ, ಅವಳಿಗೆ ತಿಳಿಯಲಿಲ್ಲ. ತಿಳಿಯದಿರುವುದೇ ಅವಳಿಗೆ ಹೆಚ್ಚು ಭಯ ತಂದಿತು.

ಒಳಗೆ ಜವಾನ ಕಿಟಕಿಗಳನ್ನು ಒಂದೊಂದಾಗಿ ಮುಚ್ಚತೊಡಗಿದ. ಮೇಡಂ ಬಾಗಿಲಿಗೆ ಬಂದರು. "ಏನು ತೀರ್ಮಾನ? ನಾನು ಕಂಪ್ಯೂಟರ್ ಆರಿಸಬೇಕು."

ಬೇಕರಿಯವನು ಬೆಂಚಿನ ಕಡೆ ನೋಡಿದ. ಮೆಣಸು ಪಕ್ಕದ ಹೆಂಗಸಿಗೆ, ತಾನು ಶಾಲೆಗೆ ಸೇರಿದ ಮೇಲೆ ಅಲ್ಲಿಯ ಮಕ್ಕಳನ್ನೆಲ್ಲ ಹೇಗೆ ಸಾಲಾಗಿ ನಿಲ್ಲಿಸುತ್ತೇನೆಂದು ವಿವರಿಸುತ್ತಿದ್ದಳು. ಅವನು ಕೈಯ ಹಿಟ್ಟನ್ನು ಪ್ಯಾಂಟಿಗೆ ಒರೆಸಿಕೊಂಡು ಒಳಗೆ ಹೋದ. ರದ್ದತಿಗೆ ಸಹಿ ಹಾಕಿದ.

"ಸರಿ" ಎಂದರು ಮೇಡಂ. "ಈಗ ಇವಳದು ಆಸ್ಪತ್ರೆ ಹಿಂದಿನದು. ಹನ್ನೆರಡಕ್ಕೆ ಬಿಡುತ್ತೆ. ಕರ್ಕೊಂಡು ಹೋಗೋರು ಯಾರು?"

"ನಮ್ಮ ಮೇಲಿನ ಮನೆ ಅಜ್ಜಿ" ಎಂದಳು ಲಾಂಡ್ರಿ ಅಕ್ಕ. ಅವಳ ಪಾಳಿ ಮುಗಿಯುವುದು ನಾಲ್ಕಕ್ಕೆ.

"ಅಜ್ಜಿಗೆ ಮಂಡಿ ನೋವಲ್ವಾ?" ಎಂದ ಅವನು, ಮೆಲ್ಲಗೆ. "ಮೆಟ್ಟಿಲು ಇಳಿಯೋಕೇ ಆಗಲ್ಲ. ನಾನು ಕರ್ಕೊಂಡು ಬಂದು ಅಜ್ಜಿ ಹತ್ರ ಬಿಟ್ಟು ಹೋಗ್ತೀನಿ. ನನ್ನ ಹೆಸರು ಬರಿ."

ಮೇಡಂ ಪೆನ್ನನ್ನು ಅವಳ ಕಡೆ ಜರುಗಿಸಿದರು. "ಇಲ್ಲಿ ತಾಯಿ ಬರೀಬೇಕು. ಬರೆದೋರ ಕೈಗೆ ಮಾತ್ರ ಮಗು ಕೊಡ್ತಾರೆ."

ಪೆನ್ನು ಹಿಡಿದ ಕೈ ಮುಂದಕ್ಕೆ ಹೋಗಲೊಲ್ಲದು. ಇಲ್ಲಿ ಹೆಸರು ಬರೆದರೆ ತಾನೇ ಮಗಳನ್ನು ಎತ್ತಿ ಅವನ ಕೈಗೆ ಕೊಟ್ಟಂತೆ. ನಾಳೆ ಏನಾದರೂ ಆದರೆ ಯಾರನ್ನು ಕೇಳುವುದು? ಬರೆಯದಿದ್ದರೆ ಮಧ್ಯಾಹ್ನ ಮಗು ಗೇಟಿನಲ್ಲಿ ನಿಂತಿರುತ್ತದೆ. ಅತ್ತ ದರಿ, ಇತ್ತ ಪುಲಿ. ಅವನು ಕೇಳಿಕೊಳ್ಳಲಿಲ್ಲ, ಆಣೆ ಇಡಲಿಲ್ಲ. ಸುಮ್ಮನೆ ನೆಲ ನೋಡುತ್ತ ನಿಂತಿದ್ದ. ಆಣೆ ಇಟ್ಟಿದ್ದರೆ ಬಹುಶಃ ಅವಳು ಬರೆಯುತ್ತಿರಲಿಲ್ಲ.

ಬರೆದಳು. ಒತ್ತಿದ ರಭಸಕ್ಕೆ ಕಾಗದ ತೂತಾಯಿತು.

ಶಿಶುವಿಹಾರ ಶುರುವಾದ ದಿನ ಮೆಣಸು ಅಳಲಿಲ್ಲ. ಅಳುತ್ತಿದ್ದ ಮಕ್ಕಳಿಗೆ ಬೈದು ಒಳಗೆ ಹೋದಳು. ಅಳು ಬಂದದ್ದು ತಾಯಿಗೆ, ಅದೂ ಹಬೆ ತುಂಬಿದ ಲಾಂಡ್ರಿಯಲ್ಲಿ, ಯಾರಿಗೂ ಕಾಣದ ಹಾಗೆ. ಹನ್ನೆರಡೂವರೆಗೆ ಅವಳು ಫೋನ್ ಮಾಡಿದಳು. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಮಾಡಿದಳು. ಮೂರನೆಯ ಸಲವೂ ಎತ್ತಲಿಲ್ಲ. ಮೇಸ್ತ್ರಿಗೆ "ಈಗ ಬಂದೆ" ಎಂದವಳೇ ಒದ್ದೆ ಏಪ್ರನ್ನಿನಲ್ಲೇ ಓಡಿದಳು.

ಶಿಶುವಿಹಾರದ ಆಯಾ ಅಂಗಳ ಗುಡಿಸುತ್ತಿದ್ದಳು. "ಅವರಪ್ಪ ಬಂದು ಕರ್ಕೊಂಡು ಹೋಗಿ ಎಷ್ಟೊತ್ತಾಯ್ತು" ಎಂದಳು.

ಬಸ್‌ ನಿಲ್ದಾಣ. ಅವಳ ತಲೆಯಲ್ಲಿ ಉಳಿದದ್ದು ಅದೊಂದೇ. ಅಕ್ಕನ ಊರಿನ ಬಸ್ಸು ಎಷ್ಟು ಹೊತ್ತಿಗೋ, ಹೊರಟೇಬಿಟ್ಟಿತೋ ಏನೋ. ನಿಲ್ದಾಣದ ದಾರಿ ಅವಳ ಓಣಿಯ ಮುಂದೆಯೇ ಹಾಯುತ್ತದೆ. ಒಂದು ಸಲ ನೋಡಿಯೇಬಿಡೋಣವೆಂದು ಓಣಿಗೆ ತಿರುಗಿದಳು, ಮೆಟ್ಟಿಲ ಬಾಗಿಲನ್ನು ತಳ್ಳಿದಳು.

ಬೇಕರಿಯವನು ಮೂರನೆಯ ಮೆಟ್ಟಿಲ ಮೇಲೆ ಗೋಡೆಗೆ ಒರಗಿ ಕೂತಿದ್ದ. ಮೆಣಸು ಅವನ ತೊಡೆಯ ಮೇಲೆ ಬಾಯಿ ತೆರೆದುಕೊಂಡು ನಿದ್ದೆ ಹೋಗಿದ್ದಳು.

"ಅಜ್ಜಿ ಮನೆಗೆ ಬೀಗ" ಎಂದ ಅವನು ಪಿಸುದನಿಯಲ್ಲಿ. "ಅವರ ಮಗಳು ಬಂದು ಡಾಕ್ಟರ್ ಹತ್ರ ಕರ್ಕೊಂಡು ಹೋದ್ಲಂತೆ. ಅದಕ್ಕೇ ಇಲ್ಲೇ ಕೂತೆ."

"ಫೋನ್ ಯಾಕೆ ಎತ್ತಲಿಲ್ಲ?"

"ಜೇಬಲ್ಲಿದೆ. ಇವಳು ಅದರ ಮೇಲೇ ಮಲಗಿದಾಳೆ. ಕೈ ಹಾಕಿದ್ರೆ ಎದ್ಬಿಡ್ತಾಳೆ ಅಂತ."

"ಎದ್ರೆ ಏಳ್ಲಿ. ನನ್ನ ಜೀವ ಹೋಗಿತ್ತು."

ಅವನು ಅವಳನ್ನು ಪೂರಾ ನೋಡಿದ್ದು ಆಗಲೇ: ನೀರು ತೊಟ್ಟಿಕ್ಕುವ ಏಪ್ರನ್ನು, ಕೆದರಿದ ಕೂದಲು, ಒಂದೇ ಕಾಲಲ್ಲಿ ಉಳಿದ ರಬ್ಬರ್ ಚಪ್ಪಲಿ. ಅವನ ಮುಖ ಇಳಿದುಹೋಯಿತು. "ತಪ್ಪಾಯ್ತು" ಎಂದ. ಕಳೆದ ಬೇಸಿಗೆಯಲ್ಲೂ ಅವನ ಬಾಯಿಂದ ಬಾರದ ಮಾತು ಅದು. ಯಾವುದಕ್ಕೆ ಹೇಳಿದನೋ, ಅವಳು ಕೇಳಲಿಲ್ಲ. ಕೆಳಗಿನ ಮೆಟ್ಟಿಲಲ್ಲಿ ಕುಸಿದು ಕೂತು, ಉಸಿರು ಹದಕ್ಕೆ ಬರುವವರೆಗೆ ಗೋಡೆ ನೋಡಿದಳು. ಆಮೇಲೆ ತನ್ನ ಮನೆಯ ಬಾಗಿಲು ತೆಗೆದು ಮಗಳನ್ನು ಚಾಪೆಯ ಮೇಲೆ ಮಲಗಿಸಿದಳು. ಅಜ್ಜಿ ಬರುವವರೆಗೆ ಕಾದಿರಲು ಅವನಿಗೆ ಹೇಳಿ, ಮೇಸ್ತ್ರಿಯ ಬೈಗುಳ ತಿನ್ನಲು ಲಾಂಡ್ರಿಗೆ ಮರಳಿದಳು.

ಅವರು ಮತ್ತೆ ಒಂದಾಗಲಿಲ್ಲ. ಆದರೆ ಆ ವರ್ಷ ಮಧ್ಯಾಹ್ನ ಮೆಣಸು ಗೇಟಿನಲ್ಲಿ ಒಂಟಿಯಾಗಿ ನಿಂತ ದಿನವೂ ಇರಲಿಲ್ಲ. ಲಾಂಡ್ರಿ ಅಕ್ಕ ದಿನವೂ ಫೋನ್ ಮಾಡಿ "ಬಂದ್ರಾ?" ಅನ್ನುವಳು. ಅವನು "ಬಂದ್ವಿ" ಅನ್ನುವನು. ಅಷ್ಟೇ ಮಾತು. ಮಳೆಗಾಲ ಕಳೆದ ಮೇಲೆ ಒಂದು ದಿನ ಕೆಲಸದ ಗಡಿಬಿಡಿಯಲ್ಲಿ ಅವಳು ಫೋನ್ ಮಾಡುವುದನ್ನೇ ಮರೆತಳು. ಅದು ನೆನಪಾದದ್ದು ಸಂಜೆ, ಮನೆ ಮುಟ್ಟಿ, ಮಗಳ ಜಡೆ ಬಿಚ್ಚುವಾಗ.