ಎಡಗಾಲಿನ ಭಾರ

ನಾನು ಒಂದು ಕ್ಲಚ್ ಪ್ಲೇಟ್. ಊಟದ ತಟ್ಟೆಯಷ್ಟು ಅಗಲ, ನಡುವೆ ಹಲ್ಲುಹಲ್ಲಾದ ತೂತು, ಎರಡೂ ಮುಖಕ್ಕೆ ಒರಟು ಪಟ್ಟಿ. ನಾನು ಹುಟ್ಟಿದ ದಿನ ಅದೇ ಕಾರ್ಖಾನೆಯಲ್ಲಿ ನನ್ನಂಥವರು ಇನ್ನೂ ನಾನೂರು ಮಂದಿ ಹುಟ್ಟಿದರು. ಉಕ್ಕಿನ ಹಾಳೆಯನ್ನು ದುಂಡಗೆ ಕತ್ತರಿಸಿ, ಪಟ್ಟಿ ಕೂರಿಸಿ, ರಿವೆಟ್ ಹೊಡೆದು, ಒಮ್ಮೆ ತಿರುಗಿಸಿ ನೋಡಿ ಪಾಸು ಮಾಡಿದರು. ಆಮೇಲೆ ಹಳದಿ ಬಣ್ಣದ, ಎರಡೇ ಬಾಗಿಲಿನ ಸ್ಪೋರ್ಟ್ಸ್ ಕಾರೊಂದರ ಎಂಜಿನ್ನಿಗೂ ಗೇರ್ ಪೆಟ್ಟಿಗೆಗೂ ನಡುವೆ ಇಟ್ಟು ಬೋಲ್ಟು ಬಿಗಿದರು.

ನನ್ನ ಕೆಲಸ ಸರಳ. ಎಂಜಿನ್ನನ್ನು ಅಪ್ಪಿಕೊಂಡು ತಿರುಗಬೇಕು. ಓಡಿಸುವವರು ಎಡಗಾಲಿನಿಂದ ಪೆಡಲ್ ಒತ್ತಿದರೆ ಅದನ್ನು ಬಿಡಬೇಕು, ಕಾಲು ತೆಗೆದರೆ ಮತ್ತೆ ಅಪ್ಪಬೇಕು. ಜನ ಕಾರಿನ ಬಣ್ಣ ಹೊಗಳುತ್ತಾರೆ, ಸದ್ದು ಹೊಗಳುತ್ತಾರೆ. ನನ್ನ ಹೆಸರು ಅವರ ಬಾಯಿಗೆ ಬರುವುದು ನಾನು ಕೆಟ್ಟಾಗ ಮಾತ್ರ. ಇರಲಿ, ಅದಕ್ಕೆಲ್ಲ ಮುನಿಸಿಕೊಳ್ಳುವ ಜಾಯಮಾನ ನನ್ನದಲ್ಲ. ಒಳಗೆ ಕೂತ ನನಗೆ ಒಡೆಯರ ಮುಖ ಗೊತ್ತಾಗುವುದಿಲ್ಲ, ಕಾಲು ಮಾತ್ರ ಚೆನ್ನಾಗಿ ಗೊತ್ತಾಗುತ್ತದೆ.

ನಮ್ಮ ಕಾರನ್ನು ಕೊಂಡವರು ಹುಬ್ಬಳ್ಳಿಯ ಇಂದುಮತಿ ಅಣ್ಣಿಗೇರಿ. ಕೇಶ್ವಾಪುರದಲ್ಲಿ ಅವರದೊಂದು ಡ್ರೈವಿಂಗ್ ಸ್ಕೂಲ್. ಇಪ್ಪತ್ತಾರು ವರ್ಷ ಎಡಗಡೆಯ ಸೀಟಿನಲ್ಲಿ ಕೂತು ಅರ್ಧ ಊರಿಗೆ ಗಾಡಿ ಓಡಿಸಲು ಕಲಿಸಿದವರು. ಕಲಿಕೆಯ ಕಾರಿನಲ್ಲಿ ಎಡಗಡೆಗೂ ಒಂದು ಕ್ಲಚ್, ಒಂದು ಬ್ರೇಕ್ ಇರುತ್ತವೆ; ಕಲಿಯುವವರು ಗಾಬರಿಬಿದ್ದರೆ ಕಲಿಸುವವರು ಒತ್ತಬೇಕು. ಶಿಷ್ಯರೆಲ್ಲ ಅವರನ್ನು ಅಕ್ಕಾರು ಎನ್ನುತ್ತಿದ್ದರು. ಗೇರ್ ಬಿದ್ದ ಮೇಲೂ ಕ್ಲಚ್ಚಿನ ಮೇಲೆ ಕಾಲಿಟ್ಟುಕೊಂಡವರಿಗೆ "ಕಾಲು!" ಎಂದು ಒಂದೇ ಮಾತಿನಲ್ಲಿ ಗದರುವುದು ಅವರ ವಾಡಿಕೆ. ಡಾಕ್ಟರೇ ಇರಲಿ, ಪೊಲೀಸರೇ ಇರಲಿ, ತಟ್ಟನೆ ಕಾಲು ತೆಗೆಯುತ್ತಿದ್ದರು.

ಐವತ್ತನಾಲ್ಕನೆಯ ವಯಸ್ಸಿನಲ್ಲಿ ಅವರಿಗೆ ಬಲಗಡೆ ಕೂರುವ ಆಸೆಯಾಯಿತು. ಯಾರಿಗೂ ಏನೂ ಕಲಿಸದೆ, ತಮ್ಮ ಪಾಡಿಗೆ ತಾವು ಜೋರಾಗಿ ಓಡಿಸಬೇಕು.

"ಆಟೋಮ್ಯಾಟಿಕ್ ತಗೋರಿ ಮೇಡಂ, ಕಾಲಿಗೆ ಆರಾಮ," ಎಂದರು ಷೋರೂಮಿನವರು.

"ಗೇರ್ ಹಾಕೂದ ಬ್ಯಾಡಾಗಿದ್ರ ಬಸ್ಸಿಗೇ ಹೋಗ್ತಿದ್ನೆಲ್ರೀ," ಎಂದು ಇಂದುಮತಿ ನಕ್ಕರು.

ಮೊದಲ ದಿನವೇ ಅವರ ಕಾಲಿನ ಹದಕ್ಕೆ ನಾನು ಸೋತೆ. ಒಂದು ಜರ್ಕಿಲ್ಲ, ಒಂದು ಕರಕರ ಇಲ್ಲ. ಆದರೆ ಒಂದು ಸಣ್ಣ ತೊಂದರೆ ಇತ್ತು. ಗೇರ್ ಹಾಕಿ ಆದ ಮೇಲೂ ಪೆಡಲಿನ ಮೇಲೆ ತೆಳುವಾದ ಭಾರ ಉಳಿಯುತ್ತಿತ್ತು. ಒತ್ತುವುದಲ್ಲ, ಸುಮ್ಮನೆ ಇಟ್ಟಿರುವುದು. ಮಲಗಿದ ಕೂಸಿನ ಮೇಲೆ ತಾಯಿ ಕೈ ಇಟ್ಟಿರುತ್ತಾಳಲ್ಲ, ಹಾಗೆ. ಅವರ ಕಲಿಕೆಯ ಹಳೆಯ ಕಾರಿನ ಪೆಡಲಿಗೆ ಮೂರು ಬೆರಳು ಸಡಿಲ ಇತ್ತಂತೆ, ಅಷ್ಟು ಒತ್ತುವವರೆಗೆ ಕ್ಲಚ್ ಅಲುಗುತ್ತಿರಲಿಲ್ಲವಂತೆ, ಅಲ್ಲಿ ಆ ಭಾರ ಯಾರಿಗೂ ತಾಕುತ್ತಿರಲಿಲ್ಲ. ನಮ್ಮ ಪೆಡಲಿಗೆ ಕೂದಲೆಳೆಯಷ್ಟೂ ಸಡಿಲ ಇಲ್ಲ. ನನ್ನ ಹಿಡಿತ ದಿನವೂ ಚೂರುಚೂರು ಜಾರಿತು, ಮೈ ಬಿಸಿಯಾಯಿತು. ಹೇಳೋಣವೆಂದರೆ ನನಗೆ ಬಾಯೆಲ್ಲಿ?

ಏಳು ಸಾವಿರ ಕಿಲೋಮೀಟರ್ ಹೇಗೋ ಎಳೆದೆ. ಅಂಕೋಲೆಯ ಸಮುದ್ರ ನೋಡಿಕೊಂಡು ಮರಳುವಾಗ ಅರಬೈಲು ಘಟ್ಟದ ಏರಿನಲ್ಲಿ ನನ್ನ ಕೈಲಾಗಲಿಲ್ಲ. ಎಂಜಿನ್ ಕೂಗಿಕೊಂಡಿತು, ಕಾರು ಮೇಲೇರಲಿಲ್ಲ. ಸುಟ್ಟ ವಾಸನೆ ತುಂಬಿಕೊಂಡಿತು. ಹಿಂದಿನ ಲಾರಿಗಳು ಹಾರ್ನ್ ಹೊಡೆಯುತ್ತಿದ್ದರೆ ಇಂದುಮತಿ ರಸ್ತೆಯಂಚಿಗೆ ಇಳಿದು ನಿಂತರು. ನನಗೆ ನಾಚಿಕೆಯಾಯಿತು.

ಸರ್ವೀಸ್ ಸೆಂಟರಿನಲ್ಲಿ ನನ್ನನ್ನು ಬಿಚ್ಚಿದರು. ಆಗಲೇ ನಾನು ಮೊದಲ ಸಲ ಅವರ ಮುಖ ನೋಡಿದ್ದು: ದುಂಡು ಕನ್ನಡಕ, ಎಣ್ಣೆ ಹಚ್ಚಿ ಬಿಗಿದ ತುರುಬು. ಮ್ಯಾನೇಜರು ವರದಿ ಓದಿದರು: "ಚಾಲನೆಯ ದೋಷದಿಂದ ಕ್ಲಚ್ ಸುಟ್ಟಿದೆ. ವಾರಂಟಿ ಅನ್ವಯಿಸುವುದಿಲ್ಲ."

ಇಂದುಮತಿಯವರ ಕಿವಿ ಕೆಂಪಾಯಿತು. "ಯಾರ ಚಾಲನೆ ಅಂತ ಗೊತ್ತೈತೇನ್ರಿ ನಿಮಗ? ನಿಮ್ಮ ಮೆಕ್ಯಾನಿಕ್ಕಿಗೆ ಲೈಸೆನ್ಸ್ ಕೊಡಿಸಿದಾಕಿ ನಾನು."

"ಹಳೇ ಗಿರಾಕಿ ಅಂತ ಹೊಸಾ ಪ್ಲೇಟ್ ಫ್ರೀ ಹಾಕಿ ಕೊಡ್ತೀವ್ರಿ ಮೇಡಂ. ವರದಿ ಮಾತ್ರ ಬದಲಿ ಮಾಡಾಕ ಆಗಂಗಿಲ್ಲ."

"ಫ್ರೀ ನೀವ ಇಟ್ಕೋರಿ. ಆ ಸಾಲು ಅಳಸ್ರಿ."

ಅಳಿಸಲಿಲ್ಲ. ಇಂದುಮತಿ ದುಡ್ಡು ಕೊಟ್ಟೇ ಹೊಸ ಪ್ಲೇಟ್ ಹಾಕಿಸಿದರು, ನನ್ನನ್ನು ಬಟ್ಟೆಯ ಚೀಲದಲ್ಲಿ ಸೀಲು ಮಾಡಿಸಿದರು, ಗ್ರಾಹಕರ ಆಯೋಗದಲ್ಲಿ ಕೇಸು ಹಾಕಿದರು. ವಿಷಯ ಊರಲ್ಲಿ ಹಬ್ಬಿತು. ಕಲಿಸುವವರಿಗೇ ಓಡಿಸಲು ಬರುವುದಿಲ್ಲವಂತೆ ಎಂದು ಚಹಾದಂಗಡಿಯಲ್ಲಿ ನಕ್ಕರು. ಕಲಿಯಲು ಹೆಸರು ಬರೆಸಿದ್ದ ಇಬ್ಬರು ಬೇರೆ ಸ್ಕೂಲಿಗೆ ಹೋದರು. ಆ ಒಂದು ಸಾಲು ಉಳಿದರೆ ತಮ್ಮ ಇಪ್ಪತ್ತಾರು ವರ್ಷ ಹೋಯಿತೆಂದು ಇಂದುಮತಿ ತಿಳಿದರು. ಚೀಲದೊಳಗೆ ನಾನು ತಳಮಳಿಸಿದೆ. ಸತ್ಯ ಗೊತ್ತಿದ್ದವನು ನಾನೊಬ್ಬನೇ, ಅದು ಅವರ ಕಡೆ ಇರಲಿಲ್ಲ.

ಆಯೋಗ ಪರೀಕ್ಷೆಗೆ ಒಬ್ಬ ತಜ್ಞರನ್ನು ನೇಮಿಸಿತು. ಪಾಲಿಟೆಕ್ನಿಕ್ಕಿನ ಆಟೊಮೊಬೈಲ್ ಮೇಷ್ಟ್ರು, ಇಮಾಮಸಾಬ್ ನದಾಫ್. ಅವರೂ ಅಕ್ಕಾರ ಶಿಷ್ಯರೇ. ಅದನ್ನು ಮೊದಲೇ ಹೇಳಿಕೊಂಡರು. ಕಂಪನಿಯವರು ಪರವಾಗಿಲ್ಲ ಎಂದರು. ಹುಬ್ಬಳ್ಳಿಯಲ್ಲಿ ಅಕ್ಕಾರ ಕೈಲಿ ಕಲಿಯದ ತಜ್ಞರನ್ನು ಎಲ್ಲಿಂದ ತರುವುದು?

ಪಾಲಿಟೆಕ್ನಿಕ್ಕಿನ ಅಂಗಳದಲ್ಲಿ ಎರಡೂ ಕಡೆಯವರ ಮುಂದೆ ನನ್ನ ಸೀಲು ಒಡೆದರು. ಚಾಲನೆ ನೋಡಲೆಂದು ನದಾಫ್ ನನ್ನನ್ನು ತೊಡೆಯ ಮೇಲಿಟ್ಟುಕೊಂಡು ಎಡಗಡೆ ಕೂತರು, ಇಂದುಮತಿ ಅದೇ ಹಳದಿ ಕಾರನ್ನು ಓಡಿಸಿದರು. ಕಾರಿನಲ್ಲಿ ಇರುವುದೇ ಎರಡು ಸೀಟು, ಕಂಪನಿಯವರು ಗೇಟಿನ ಬಳಿ ಉಳಿದರು. ಗೋಕುಲ ರಸ್ತೆಯಲ್ಲಿ ಕಾರು ಬೆಣ್ಣೆಯಂತೆ ಹೋಯಿತು. ನದಾಫ್ ನನ್ನ ಮೈಮೇಲೆ ಬಿಸಿಗೆ ಮೂಡಿದ ನೀಲಿ ಕಲೆಗಳನ್ನು ನೋಡಿದರು. ಆಮೇಲೆ ಕೆಳಗೆ ನೋಡಿದರು. ಬಹಳ ಹೊತ್ತು ನೋಡಿದರು.

"ಅಕ್ಕಾರ, ನಿಮ್ಮ ಎಡಗಾಲು ಎಲ್ಲೈತ್ರಿ?"

"ಕೆಳಗ ಐತಿ. ಇನ್ನೆಲ್ಲಿ ಇರ್ತೈತಿ?"

ನದಾಫ್ ಬೆರಳು ಮಾಡಿ ತೋರಿಸಿದರು. ಇಂದುಮತಿ ಬಗ್ಗಿ ನೋಡಿಕೊಂಡರು. ಕಾಲು ಪೆಡಲಿನ ಮೇಲಿತ್ತು.

ಅವರು ಕಾರನ್ನು ಮೆಲ್ಲಗೆ ಒಂದು ಬೇವಿನ ಮರದ ಕೆಳಗೆ ನಿಲ್ಲಿಸಿದರು. "ಮಂದಿ ಗಾಬರಿ ಆದ್ರ ಒತ್ತಾಕ ಬೇಕಂತ ಇಟ್ಟ ಕಾಲಪಾ ಇದು," ಎಂದರು. "ಈಗ ಬಾಜೂಕ ಯಾರೂ ಇಲ್ಲಂತ ಇದಕ್ಕ ತಿಳದೇ ಇಲ್ಲ."

ನನಗೆ ಅಳು ಬಂತು. ಇಷ್ಟು ದಿನ ಆ ಕಾಲನ್ನು ಬೈದುಕೊಂಡಿದ್ದೆ. ನಾನೂರು ಪ್ಲೇಟುಗಳಲ್ಲಿ ಎಷ್ಟಕ್ಕೆ ಇಂಥ ಕಾಲು ಸಿಕ್ಕೀತು?

"ನಾ ಇದನ್ನ ಬರಿಯಂಗಿಲ್ರಿ ಅಕ್ಕಾರ," ಎಂದರು ನದಾಫ್. "ಕಂಪನಿಯವರ ಹತ್ರ ಪುರಾವೆ ಇಲ್ಲ. ಬರೇ ಅಂದಾಜಿನ ಮ್ಯಾಲ ಬರದಾರ. ಕೇಸು ನಿಮ್ಮದ ಆಗ್ತೈತಿ."

"ನಾಳಿ ನಾ ಯಾವ ಬಾಯಿಲೆ ಮಂದಿಗೆ ಕಾಲು ತಗೀ ಅನ್ಲಿ?" ಇಂದುಮತಿ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. "ಕಂಡದ್ದು ಕಂಡಂಗ ಬರಿ. ಪೆಡಲಿಗೆ ಸಡಿಲ ಇಲ್ಲ ಅನ್ನೂದನ್ನ ಮಾರೂ ಮುಂದ ಅವರು ಹೇಳಬೇಕಾಗಿತ್ತು, ಅದನ್ನೂ ಬರಿ."

ನದಾಫ್ ಎರಡನ್ನೂ ಬರೆದರು. ಕೇಸು ವಜಾ ಆಯಿತು, ಆ ಸಾಲು ಹಾಗೇ ಉಳಿಯಿತು. ಚಹಾದಂಗಡಿಯಲ್ಲಿ ಇನ್ನೊಂದು ವಾರ ನಕ್ಕರು. ಯಾರಾದರೂ ಕೇಳಿದರೆ ಇಂದುಮತಿ "ಹೌದು, ನಾನ ಸುಟ್ಟೀನಿ" ಎಂದುಬಿಡುತ್ತಿದ್ದರು. ಹಾಗೆಂದವರನ್ನು ಎಷ್ಟು ದಿನ ಅಂತ ಕಾಡುತ್ತಾರೆ?

ಈಗ ನನಗೆ ವಯಸ್ಸಾಗಿದೆ. ಅಂಚಿಗೆ ತುಕ್ಕು ಹಿಡಿದಿದೆ. ಸ್ಕೂಲಿನ ಮೇಜಿನ ಮೇಲೆ, ಅರ್ಜಿಗಳು ಹಾರಿಹೋಗದಂತೆ ಭಾರವಾಗಿ ಕೂತಿರುತ್ತೇನೆ. ಹೊಸಬರು ಬಂದ ದಿನ ಇಂದುಮತಿ ನನ್ನನ್ನು ಕೈಯಿಂದ ಕೈಗೆ ಕೊಟ್ಟು ನಡೆದದ್ದನ್ನೆಲ್ಲ ಹೇಳುತ್ತಾರೆ. ತಿರುಗುವಾಗ ನನಗೆ ಸಿಗದ ಮರ್ಯಾದೆ ಕೂತಲ್ಲಿ ಸಿಕ್ಕಿದೆ. ಕಲಿಕೆಯ ಕಾರಿನ ಹಿಂದಿನ ಸೀಟಿನಲ್ಲಿ ಸರದಿ ಕಾಯುವವರಿಗೆ ಅವರು ಒಂದು ಕೆಲಸ ಹಚ್ಚಿದ್ದಾರೆ: ಅಕ್ಕಾರ ಎಡಗಾಲನ್ನು ನೋಡುತ್ತಿರಬೇಕು. ಪೆಡಲಿನ ಹತ್ತಿರ ಇರಬಹುದು, ತಾಗಬಾರದು.

ಮೊನ್ನೆ ಪೋಸ್ಟಾಫೀಸಿನ ಒಬ್ಬ ಹೆಂಗಸು ಪಾಠ ಮುಗಿಸಿ ಒಳಗೆ ಬಂದರು. ಸಂಕೋಚದಿಂದ ಬಾಗಿಲಲ್ಲೇ ನಿಂತರು.

"ಅಕ್ಕಾರ, ಸಿಟ್ಟಾಗಬ್ಯಾಡ್ರಿ. ಇವತ್ತ ನಿಮ್ಮ ಕಾಲು ಎರಡ ಸಲ ಪೆಡಲಿಗೆ ತಾಗಿತ್ರಿ."

ಇಂದುಮತಿ ರಿಜಿಸ್ಟರಿನಿಂದ ತಲೆಯೆತ್ತಿದರು.

"ಮೂರು ಸಲ," ಎಂದರು.