ವೇರಿಂಗ್ ರಸ್ತೆಯ ನಾಲ್ಕನೆಯ ಬಾಟಲಿ ಅಂಗಡಿ

ಫುವಾತಿನೊ ಕೆಮ್ಮಿದರೆ ಮೂರು ಬೀದಿಯಾಚೆಯ ನಾಯಿಗಳು ಬಾಲ ಮುದುರಿಕೊಂಡು ಮಂಚದಡಿ ಸೇರುತ್ತಿದ್ದವು. ಅವಳು ಸಿಟ್ಟಿನಿಂದ ನೋಡಿದ ಬಾಳೆಗಿಡ ಆ ವರ್ಷ ಗೊನೆ ಬಿಡುತ್ತಿರಲಿಲ್ಲ. ಅವಳು ಸಮೋವಾ ಬಿಟ್ಟು ನ್ಯೂಜಿಲೆಂಡಿಗೆ ಬಂದ ದಿನ ವಿಮಾನ ಒಂದು ಕಡೆಗೆ ವಾಲಿಕೊಂಡೇ ಇಳಿಯಿತೆಂದೂ, ಅದು ಅವಳು ಕೂತಿದ್ದ ಕಡೆಯೆಂದೂ ವೈಮೊಕೊ ಊರಿನವರು ಇವತ್ತಿಗೂ ಹೇಳುತ್ತಾರೆ. ನಂಬದವರು ಅವಳ ಎದುರಿಗೆ ನಿಂತು ಹಾಗೆ ಹೇಳಲಿ, ನೋಡೋಣ. ಇಂಥ ಹೆಂಗಸಿನ ಮನೆಯ ಪಕ್ಕದ ಬೀದಿಮೂಲೆಯಲ್ಲೇ ಮದ್ಯ ಮಾರುವ ಬಾಟಲಿ ಅಂಗಡಿ ತೆರೆಯಲು ಹೊರಟವನು ಯಾವನೋ ಪರಕೀಯನಲ್ಲ, ಅವಳ ಸ್ವಂತ ತಮ್ಮನ ಮಗ ಮಲಾಕಿ.

ವೇರಿಂಗ್ ರಸ್ತೆಯಲ್ಲಿ ಆಗಲೇ ಮೂರು ಬಾಟಲಿ ಅಂಗಡಿಗಳಿದ್ದವು. ಬ್ರೆಡ್ ತರಬೇಕಾದರೆ ಬಸ್ಸು ಹಿಡಿಯಬೇಕಿತ್ತು, ಬಿಯರ್ ತರಲು ಚಪ್ಪಲಿ ಮೆಟ್ಟುವುದೂ ಬೇಕಿರಲಿಲ್ಲ. ಸಂಬಳದ ಗುರುವಾರ ಬಂತೆಂದರೆ ಬೀದಿಯ ಜಗಳಗಳೆಲ್ಲ ಫುವಾತಿನೊಳ ಬೇಲಿ ಹಾರಿ ಬಂದು ಅವಳ ಕೆಸುವಿನ ಪಾತಿಯಲ್ಲಿ ಅಂಗಾತ ಮಲಗುತ್ತಿದ್ದವು. ಅವಳ ತಮ್ಮ ತೌಲಗಿ ಆ ಮೂರು ಅಂಗಡಿಗಳ ನಡುವೆ ಓಡಾಡುತ್ತಲೇ ಲಿವರ್ ಕೆಟ್ಟು ಸತ್ತ. ಈ ಮಾತಿಗೆ ಮಾತ್ರ ಉಪ್ಪುಖಾರ ಹಚ್ಚುವುದು ಬೇಡ.

ಆ ತೌಲಗಿಯ ಮಗನೇ ಈಗ ಆ ಮೂಲೆಯಲ್ಲಿ ಮುಚ್ಚಿಹೋಗಿದ್ದ ಬೇಕರಿಯನ್ನು ಬಾಡಿಗೆಗೆ ಹಿಡಿದು ಪರವಾನಗಿಗೆ ಅರ್ಜಿ ಹಾಕಿದ್ದ.

“ನಾನ್ ಮಾರ್ದೇ ಇದ್ರೆ ಇನ್ನೊಬ್ಬ ಮಾರ್ತಾನೆ ಅತ್ತೆ. ನಮ್ಮೋರ ದುಡ್ಡು ನಮ್ಮೋರ ಹತ್ರಾನೇ ಇರ್ಲಿ ಅಂತ ಅಷ್ಟೆ.”

“ನಿಮ್ಮಪ್ಪನ ದುಡ್ಡೂ ಅಲ್ಲಿಗೇ ಹೋಯ್ತು ಕಣೋ. ಹಿಂದೇನೇ ಅವನೂ ಹೋದ.”

“ಅಪ್ಪ ಸತ್ತಿದ್ದು ತಾನಾಗೇ ಕುಡ್ದು. ಅಂಗಡಿ ಬಂದು ಅವನ ಬಾಯಿಗೆ ಸುರೀತಾ?”

“ಸುರೀಲಿಲ್ಲ. ಎಲ್ಲಿಗ್ ಹೊರಟ್ರೂ ದಾರಿಗೆ ಅಡ್ಡ ಕೂತಿತ್ತು. ನಾಲ್ಕನೇದು ನನ್ ಜೀವ ಇರೋ ತನಕ ಇಲ್ಲ, ಹೋಗು!”

ಅದೇ ಹೊತ್ತಿಗೆ ಊರಿನ ಕೌನ್ಸಿಲ್ ಹೊಸ ಮದ್ಯ ನೀತಿಯ ಕರಡನ್ನು ಹೊರಡಿಸಿತು. ಪಬ್ಬುಗಳು ಎಷ್ಟು ಹೊತ್ತಿನ ತನಕ ತೆರೆದಿರಬೇಕು, ಕ್ಲಬ್ಬುಗಳ ಬಾಗಿಲು ಯಾವಾಗ ಮುಚ್ಚಬೇಕು, ಹೊಸ ಅಂಗಡಿ ಎಲ್ಲಿ ಬರಬಹುದು, ಎಲ್ಲ ಅದರಲ್ಲಿತ್ತು. ಶಾಲೆ ಅಥವಾ ಪ್ರಾರ್ಥನಾ ಸ್ಥಳದ ಹತ್ತಿರ ಹೊಸ ಬಾಟಲಿ ಅಂಗಡಿಗೆ ಪರವಾನಗಿ ಇಲ್ಲವೆಂಬ ಮಾತೂ ಇತ್ತು. ಅಂಥ ಜಾಗಗಳಿಗೆಲ್ಲ ನಕ್ಷೆಯಲ್ಲಿ ಕಿತ್ತಳೆ ಬಣ್ಣ ಬಳಿದಿದ್ದರು. ವೇರಿಂಗ್ ರಸ್ತೆ ಮಾತ್ರ ಬೋಳುಬೋಳಾಗಿತ್ತು. ಆರಾಧನೆಗಿದ್ದ ಹಳೆಯ ಸಭಾಂಗಣ ಕೈತಪ್ಪಿದಾಗಿನಿಂದ ಪ್ರತಿ ಭಾನುವಾರ ಇಡೀ ಚರ್ಚು ಫುವಾತಿನೊಳ ಗ್ಯಾರೇಜಿನಲ್ಲೇ ನಡೆಯುತ್ತಿದ್ದ ಸಂಗತಿ ಆ ಕಿತ್ತಳೆ ಬಣ್ಣದವರ ಕಣ್ಣಿಗೆ ಬಿದ್ದಿರಲಿಲ್ಲ.

ಸಾರ್ವಜನಿಕರ ಅಹವಾಲು ಕೇಳುವ ದಿನ ಫುವಾತಿನೊ ಕೌನ್ಸಿಲ್ ಕಟ್ಟಡಕ್ಕೆ ಹೋದಳು. ಅವಳು ಮೆಟ್ಟಿಲು ಹತ್ತುವಾಗ ಮೇಲಿನ ಮಹಡಿಯ ಗೋಡೆಗಡಿಯಾರ ನಿಂತುಹೋಯಿತಂತೆ. ಅಧ್ಯಕ್ಷೆ ಗ್ವೆನ್ ಹಾರ್ಗ್ರೀವ್ಸ್ ಗಾಳಿ ಬೀಸಿದರೆ ಹಾರಿಹೋಗುವಷ್ಟು ಸಣಕಲು ಹೆಂಗಸು, ಕೈಯಲ್ಲೊಂದು ಪೆನ್ಸಿಲ್ ಹಿಡಿದು ಕೂತಿದ್ದಳು.

“ನಕ್ಷೇಲಿ ಅಲ್ಲಿ ಚರ್ಚ್ ಇಲ್ವಲ್ಲ ಫುವಾತಿನೊ ಅವ್ರೇ?”

“ನಕ್ಷೆ ಮಾಡಿದೋರು ಭಾನುವಾರ ಬಂದಿದ್ರಾ?”

“ಅದು ಗ್ಯಾರೇಜ್ ಅಂತ ನಮ್ಮ ಅಧಿಕಾರಿಗಳು ಹೇಳ್ತಾರೆ.”

“ಯೇಸು ಹುಟ್ಟಿದ್ದು ಕೊಟ್ಟಿಗೇಲಿ. ಅದನ್ನ ನಿಮ್ಮ ಅಧಿಕಾರಿಗಳು ಏನಂತ ಬರ್ಕೊಂಡಿದಾರೆ?”

ಜನ ನಕ್ಕ ನಗೆಗೆ ಸಭಾಂಗಣದ ಛಾವಣಿ ಒಂದು ಗೇಣು ಮೇಲೆದ್ದು ಕೂತಿತು. ಆದರೆ ಮಲಾಕಿಯೂ ಎದ್ದು ನಿಂತ. “ಮೇಡಂ, ಅಲ್ಲಿರೋದು ಒಂದು ಹಳೇ ವ್ಯಾನು, ಎರಡು ಕೆಟ್ಟ ಫ್ರಿಜ್ಜು. ಅದನ್ನ ಪ್ರಾರ್ಥನಾ ಸ್ಥಳ ಅಂದ್ರೆ ದೇವ್ರೇ ನಗ್ತಾನೆ. ಬೇಕಾದ್ರೆ ಬಂದು ನೋಡಿ.”

“ನೋಡೋಣ,” ಎಂದಳು ಅಧ್ಯಕ್ಷೆ. “ಮುಂದಿನ ಶುಕ್ರವಾರ ಸಂಜೆ ಬರ್ತೀವಿ.”

ಮಲಾಕಿ ಮೀಸೆಯಡಿಯಲ್ಲೇ ನಕ್ಕ. ಶುಕ್ರವಾರ ಗ್ಯಾರೇಜಿನಲ್ಲಿ ವ್ಯಾನು ಬಿಟ್ಟರೆ ಏನೂ ಇರುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಪಾದ್ರಿ ಏಲಿಯಾನಿಗೂ ಗೊತ್ತಿತ್ತು.

“ಶುಕ್ರವಾರ ಆರಾಧನೆ ಇಲ್ವಲ್ಲಮ್ಮ. ಅವತ್ತೊಂದಿನ ಜನ ಸೇರ್ಸಿ ನಾಟಕ ಆಡಿದ್ರೆ ತಪ್ಪಾಗುತ್ತೆ.”

“ನಾಟಕ ಯಾಕೆ ಪಾದ್ರಿಗಳೇ? ನಮ್ಮೂರಲ್ಲಿ ದಿನಾ ಸಂಜೆ ‘ಸಾ’ ಇಡ್ತಿರ್ಲಿಲ್ವಾ? ಇಲ್ಲೂ ಇಡೋಣ. ಇವತ್ತಿಂದಾನೇ. ಶುಕ್ರವಾರ ಆದ್ಮೇಲೂ ಬಿಡೋದ್ ಬೇಡ.”

ಸಮೋವಾದ ಹಳ್ಳಿಗಳಲ್ಲಿ ಮುಸ್ಸಂಜೆಗೆ ಶಂಖ ಊದಿದರೆ ಸಾ ಶುರುವಾದಂತೆ. ಮತ್ತೆ ಶಂಖ ಊದುವ ತನಕ ಮನೆಮನೆಯಲ್ಲಿ ಪ್ರಾರ್ಥನೆ, ದಾರಿಯಲ್ಲಿ ನರಪಿಳ್ಳೆಯೂ ನಡೆಯುವಂತಿಲ್ಲ. ಹೊರಗೆ ಸಿಕ್ಕಿಬಿದ್ದವನು ಇದ್ದಲ್ಲೇ ಕೂತು ತಲೆ ತಗ್ಗಿಸಬೇಕು. ಕಡಲು ದಾಟಿ ವೈಮೊಕೊಗೆ ಬಂದ ಮೇಲೆ ಬೀದಿಗೇ ಸಾ ಇಡುವ ಧೈರ್ಯ ಯಾರೂ ಮಾಡಿರಲಿಲ್ಲ.

“ಸಾ ಇಡೋಕೆ ಮತಾಯಿಗಳು, ಕುಲದ ಯಜಮಾನರು, ಅಪ್ಪಣೆ ಕೊಡ್ಬೇಕು ತಾಯಿ. ನೀನು ನಾನು ಅಲ್ಲ.”

“ನಮ್ಮ ಮತಾಯಿಗಳೆಲ್ಲ ಸಂಜೆ ಪಾಳೀಲಿ ಮಾಂಸದ ಕಾರ್ಖಾನೇಲಿದಾರೆ. ಬಂದ್ಮೇಲೆ ಬೈಯ್ಲಿ, ಬೈಸ್ಕೋತೀನಿ.”

ಅವತ್ತು ಸಂಜೆ ಫುವಾತಿನೊ ಬೇಲಿಯ ಪಕ್ಕ ನಿಂತು ಶಂಖ ಊದಿದಳು. ಕೊಲ್ಲಿಯಲ್ಲಿದ್ದ ಮೀನುಗಳು ಕಿವಿ ಮುಚ್ಚಿಕೊಂಡವು, ಕಿವಿ ಇಲ್ಲದಿದ್ದರೂ. ಬಸ್ಸು ಓಡಿಸುತ್ತಿದ್ದವನು ಸಮೋವಾದವನು, ಅವನ ಕೈ ತಾನಾಗಿಯೇ ಬಸ್ಸನ್ನು ಬದಿಗೆ ತಂದು ಎಂಜಿನ್ ಆರಿಸಿತು. ಬಿಯರ್ ಪೆಟ್ಟಿಗೆ ಹೊತ್ತು ಬರುತ್ತಿದ್ದ ದಾಂಡಿಗನೊಬ್ಬ ಅದೇ ಪೆಟ್ಟಿಗೆಯ ಮೇಲೆ ಕೂತು ತಲೆ ತಗ್ಗಿಸಿದ. ಮಾರನೆಯ ದಿನ ಲುಂಗಿಯಂಥ ಲಾವಾಲಾವಾ ಉಟ್ಟ ಗಂಡಸರು ರಸ್ತೆಯ ಎರಡೂ ತುದಿಯಲ್ಲಿ ಕಾವಲು ನಿಂತರು. ವಾರ ಮುಗಿಯುವಷ್ಟರಲ್ಲಿ ವ್ಯಾನು ಬೀದಿಗೆ ಬಿದ್ದಿತ್ತು, ಗ್ಯಾರೇಜಿನ ತುಂಬ ಚಾಪೆ ಹಾಸಿತ್ತು, ಜಾಗ ಸಾಲದೆ ಜನ ಅಂಗಳದಲ್ಲೂ ಕೂತು ಹಾಡುತ್ತಿದ್ದರು. ಮೂರು ಬಾಟಲಿ ಅಂಗಡಿಗಳವರು ವ್ಯಾಪಾರದ ಒಳ್ಳೇ ಹೊತ್ತಿನಲ್ಲಿ ಬಾಗಿಲಲ್ಲಿ ನಿಂತು ನೊಣ ಹೊಡೆದರು.

ಶುಕ್ರವಾರ ಅಧ್ಯಕ್ಷೆ ಬಂದಳು. ಮಲಾಕಿ ಹೊಸ ಸೂಟು ತೊಟ್ಟು, ಅವಳನ್ನು ಬೇಕರಿಯ ಮುಂದಕ್ಕೆ ಕರೆತಂದ. “ಇದೆಲ್ಲ ನಿಮ್ಮನ್ನ ನಂಬ್ಸೋಕೆ ಕಟ್ಟಿದ ವೇಷ ಮೇಡಂ. ಇಲ್ಲಿ ಪ್ರಾರ್ಥನೆ ಗೀರ್ಥನೆ ಏನಿಲ್ಲ. ಯಾರೂ ಇದನ್ನೆಲ್ಲ ಲೆಕ್ಕಕ್ಕೇ ಇಡೋಲ್ಲ. ನಾನಂತೂ—”

ಶಂಖ ಮೊಳಗಿತು.

ಮಲಾಕಿಯ ಮಾತು ಅಲ್ಲೇ ತುಂಡಾಯಿತು. ಮೊಣಕಾಲು ತಾವಾಗಿಯೇ ಮಡಚಿಕೊಂಡವು. ಹೊಸ ಸೂಟಿನಲ್ಲೇ ಅವನು ಕಾಲುದಾರಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ತಲೆ ಬಗ್ಗಿಸಿದ. ಅಧ್ಯಕ್ಷೆ ಸುತ್ತ ನೋಡಿದಳು. ಬೀದಿಯಲ್ಲಿ ನಿಂತಿದ್ದವಳು ಅವಳೊಬ್ಬಳೇ. ಅವಳೂ ಮೆಲ್ಲಗೆ ಬೇಕರಿಯ ಮೆಟ್ಟಿಲ ಮೇಲೆ ಕೂತಳು.

ಗ್ಯಾರೇಜಿನಿಂದ ಹಾಡು ಎದ್ದಿತು. ಫುವಾತಿನೊ ಹಾಡುತ್ತಲೇ ಬೇಲಿಯ ಸಂದಿನಲ್ಲಿ ಕಣ್ಣಿಟ್ಟಿದ್ದಳು. ಮಲಾಕಿಯ ತುಟಿ ಮೊದಲು ಅಲುಗಿತು, ಆಮೇಲೆ ದನಿ ಬಂತು. ಕೆಳಗಿನ ಸ್ವರ, ಎದೆಯೊಳಗಿಂದ ಬರುವ ತೌಲಗಿಯದೇ ದನಿ. ಆ ಒಂದು ಸಾಲು ಮಾತ್ರ ಫುವಾತಿನೊಳಿಗೆ ಹಾಡಲಾಗಲಿಲ್ಲ.

ಸಾ ಮುಗಿದ ಮೇಲೆ ಅಧ್ಯಕ್ಷೆ ಕೇಳಿದಳು: “ನೀವ್ಯಾಕೆ ಕೂತ್ರಿ?”

“ಸಾ ಮೇಡಂ. ಸಾದಲ್ಲಿ ಓಡಾಡೋ ಹಾಗಿಲ್ಲ.”

“ಯಾಕೆ?”

“ಪ್ರಾರ್ಥನೆ ನಡೀತಿರುತ್ತಲ್ಲ...” ಎಂದವನು ಗಪ್ಪನೆ ಬಾಯಿ ಮುಚ್ಚಿದ. ಪೆನ್ಸಿಲ್ ಆಗಲೇ ಓಡತೊಡಗಿತ್ತು.

ನೀತಿ ಜಾರಿಯಾದಾಗ ವೇರಿಂಗ್ ರಸ್ತೆಗೆ ಕಿತ್ತಳೆ ಬಣ್ಣ ಬಿದ್ದಿತ್ತು. ಮಲಾಕಿಯ ಅರ್ಜಿ ಬಿದ್ದುಹೋಯಿತು. ಅವನು ಧುಮುಗುಡುತ್ತ ಅತ್ತೆಯ ಅಡುಗೆಮನೆಗೆ ಬಂದ.

“ಮೋಸ ಮಾಡ್ದೆ ಅತ್ತೆ ನೀನು.”

“ನಾನೇನು ನಿನ್ ಕಾಲ್ ಕಟ್ಟಿ ಕೂರ್ಸಿದ್ನಾ? ಎದ್ದು ಹೋಗ್ಬೇಕಿತ್ತು.”

“ಆಗ್ಲಿಲ್ಲ.”

“ಗೊತ್ತು. ಕೂತ್ಕೋ, ಊಟ ಮಾಡು.”

“ಆರು ವರ್ಷಕ್ಕೆ ಈ ನೀತಿ ಮತ್ತೆ ಪರಿಶೀಲನೆಗೆ ಬರುತ್ತೆ. ಆಗ ನೋಡ್ಕೋತೀನಿ.” ಹಾಗೆನ್ನುತ್ತಲೇ ಅವನು ತಟ್ಟೆ ಎಳೆದುಕೊಂಡ.

“ಬಾರೋ ಬಾ. ಅಷ್ಟೊತ್ತಿಗೆ ನಾನು ಇನ್ನೂ ಎರಡು ಸುತ್ತು ದಪ್ಪ ಆಗಿರ್ತೀನಿ, ಬಾಗಿಲಿಗೆ ಸರಿಯಾಗಿ ತುಂಬ್ಕೊಂಡು ನಿಲ್ಲೋ ಹಾಗೆ.” ತೆಂಗಿನಹಾಲಿನಲ್ಲಿ ಬೇಯಿಸಿದ ಕೆಸುವಿನೆಲೆಯನ್ನು ಅವನ ತಟ್ಟೆಗೆ ಬಡಿಸುತ್ತ ಅವಳು ಇನ್ನೊಂದು ಕೈಯಲ್ಲಿ ಫೋನ್ ಒತ್ತಿದಳು. “ಗ್ವೆನ್ ಅವ್ರೇ, ನಾನು ಫುವಾತಿನೊ. ನೀತಿ ಕೆಲ್ಸ ಮುಗೀತು ಅಂದ್ರಂತಲ್ಲ? ಉಳಿದ ಮೂರು ಅಂಗಡಿ ರಾತ್ರಿ ಒಂಬತ್ತರ ತನಕ ತೆರೆದಿರ್ಬಹುದು ಅಂತ ಬರ್ದಿದೀರಲ್ಲ, ಆ ಒಂಬತ್ತನ್ನ ಯಾರನ್ನ ಕೇಳಿ ಹಾಕಿದ್ರಿ?”